ಎರಡು ಲೋಟ

ಹತ್ತಕ್ಕ ಓಣಿಯ ಮಗ್ಗ ನಿಂತವು ಅಂದ್ರ
ಅತ್ತಿ ಎದ್ದು ಲೋಟ ಕಟ್ಟತಾಳ:
ಒಂದು ಡಬ್ಬ ಹಾಕಿ, ಅದರ ಮ್ಯಾಲ ಇನ್ನೊಂದು,
ತುದಿಗೆ ಒಂದು ಚಮಚ.
ತೊಂಬತ್ಮೂರರಿಂದ ಒಂದಿನಾ ತಪ್ಪಿಲ್ಲ.
ಆಕಿ ತವರು ಉಮರ್ಗಾ ಕಡೆ.
ಹೆಚ್ಚಿಗೆ ಹೇಳೂದಿಲ್ಲ.

ಸೊಲ್ಲಾಪುರದಾಗ ಹಗಲೊತ್ತು ನೆಲ ನಡುಗೂದು
ಯಾರಿಗೂ ಹೊಸದಲ್ಲ. ಚಾದರ ನೇಯೋ ಓಣಿ ನಮ್ಮದು.
ಗ್ವಾಡಿಗೆ ಬೆನ್ನು ಕೊಟ್ಟು ಕುಂತರ ಹಲ್ಲು ಕಟಕಟ ಅಂತಾವ,
ವಾಟಗದೊಳಗ ಸಾರು ಉಂಗುರ ಬರೀತದ.
ಭೂಮಿ ತನ್ನ ಕೆಲಸ ಹಗಲಿಗೇ ಮುಗಿಸಿದ್ರ
ನಮಗ ಗೊತ್ತಾಗೂದಽ ಇಲ್ಲ.

ರಾತ್ರಿ ಠಣ್ ಅಂದ್ರ ಆಕಿ ಎದ್ದು
ಇದ್ದಲಿಯಿಂದ ಗ್ವಾಡಿಗೆ ಒಂದು ಗೀಟು ಎಳೀತಾಳ,
ಹಾಲಿನ ಲೆಕ್ಕದ ಬಾಜೂಕ.
ಮತ್ತ ಲೋಟ ಕಟ್ಟಿ, ಮಗ್ಗಲಾಗಿ, ಗೊರಕಿ.
ಎಚ್ಚರಾಗಿ ಉಳಿಯಾಕಿ ನಾನು.

ಆಫೀಸಿನಾಂವ ಬಂದಿದ್ದ, ಗಾಯಕವಾಡ ಅಂತ,
ಯಂತ್ರ ಹೂಳಲಿಕ್ಕೆ ಗದ್ದಲಿಲ್ಲದ ಜಾಗ ಹುಡುಕ್ಕೋತ.
ನಮ್ಮ ಓಣಿ ನೋಡಿ ನಕ್ಕ. ಚಹಾ ಕುಡದ. ಗ್ವಾಡಿ ಕಂಡ.
"ಹತ್ತೊಂಬತ್ತು? ಈ ಮಳಿಗಾಲ ನಮ್ಮ ಕಾಗದದಾಗ ಹದಿಮೂರಽ ಅದಾವ."
ಅತ್ತಿ ಚಷ್ಮಾ ಏರಿಸಿದಳು:
"ಹನ್ನೊಂದು ಹಾಲಿಂದು, ತಮ್ಮಾ. ಈ ಎಂಟು ನಂದು."

ಅವನದು ತಾರೀಖು, ತಾಸು, ಮಿನಿಟು.
ಆಕಿಯದು ಪಂಚಮಿ ಮರುದಿನ, ಕರೆಂಟ್ ಹೋದ ರಾತ್ರಿ,
ಸೊಸಿಗೆ ಚೇಳು ಕಡದ ವಾರ.
ಇಬ್ಬರೂ ಕುಂತು ತಾಳೆ ನೋಡಿದ್ರು.
ಆರು ಕೂಡಿದವು. ಏಳು ಆಕಿಗೆ ತಪ್ಪಿದ್ದವು.
"ಹಗಲಾಗಿರಬೇಕು, ಇಲ್ಲಾ ನಿದ್ದಿ ಹತ್ತಿರಬೇಕು" ಅಂದಳು,
ಹಾಲು ಉಕ್ಕಿಸಿದಾಕಿ ಅನ್ನೂವಂಗ.
ಉಳಿದ ಎರಡು ಅವನ ಹಂತೇಕ ಇರಲಿಲ್ಲ.
ಲಾರಿ ಹಾದಿರಬೇಕು, ಬೆಕ್ಕು ಇದ್ದೀತು, ಅಂದ.

ಓಣ್ಯಾಗ ಲಾರಿ ಹಿಡಿಸೂದಿಲ್ಲ.
ಬೆಕ್ಕು ಸಾಕಿಲ್ಲ.

ಸಣ್ಣಸಣ್ಣವು ಬರ್ತಿರಬೇಕು ಅಂತಾಳ ಆಕಿ,
ಬರೂದು ನಿಂತಾಗ ಅಂಜಬೇಕು.
ಶ್ರಾವಣದಾಗ ಹದಿನೆಂಟು ದಿನ ಲೋಟ ಅಲುಗಲಿಲ್ಲ.
ರೊಟ್ಟಿ ಮುರಿದು ಹಂಗಽ ಇಡತಿದ್ದಳು.
ಹತ್ತೊಂಬತ್ತನೇ ರಾತ್ರಿ, ಕತ್ತಲದಾಗ,
ನಾ ಕಾಲು ಚಾಚಿದೆ.
ಠಣ್.
ಇದ್ದಲಿ ಹುಡುಕೋ ಕೈಯ ಸಪ್ಪಳ, ಗೀಟಿನ ಸಪ್ಪಳ,
ಆಮ್ಯಾಲ ಆ ಗೊರಕಿ.
ಎಷ್ಟೋ ದಿನದ ಮ್ಯಾಲ ನನಗೂ ನಿದ್ದಿ ಹತ್ತಿತು.

ಅದೊಂದು ನಂದು.
ಇನ್ನೊಂದು ನಾನಲ್ಲ.
ಮೂಲ್ಯಾಗ ಗಣಿತ ಬರಕೋತ ಕುಂತ ನನ್ನ ಮಗಳು ಸುಗಲಾ
ಗಾಯಕವಾಡ ಹೋಗೂತನಕಾ
ತಲಿ ಎತ್ತಲಿಲ್ಲ.