ಓ

ಪೀಣ್ಯ ಎರಡನೇ ಹಂತ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ರಾತ್ರಿ ಎಂಟರ ಕ್ಲಾಸಿಗೆ
ದಾರದ ತುಣುಕು ಸೆರಗಿಗೆ ಅಂಟಿಸಿಕೊಂಡೇ ಬರುತ್ತೇವೆ.
ಫಿಲೋಮಿನಾ ಮಿಸ್ ಬೋರ್ಡಿನ ಮೇಲೆ ಬರೆದರು:
ಗಿವ್ ಹರ್ ದ ಸಿಸರ್ಸ್.

ಅವಳು, ಕತ್ತರಿ. ಎರಡೂ ಪಕ್ಕಪಕ್ಕ,
ನಡುವೆ ಒಂದು ಹೊಲಿಗೆಯೂ ಇಲ್ಲ.
ನಮ್ಮಲ್ಲಾದರೆ ಅವಳಿಗೊಂದು 'ಗೆ',
ಕತ್ತರಿಗೆ, ಬೇಕಿದ್ದರೆ, ಒಂದು 'ಅನ್ನು'.
ಹುಕ್ಕು ಬಿದ್ದ ಮೇಲೆ
ಕತ್ತರಿಯನ್ನು ಅವಳಿಗೆ ಕೊಡು,
ಅವಳಿಗೆ ಕೊಡು ಕತ್ತರಿಯನ್ನು,
ಹೇಗೆ ತಿರುಗಿಸಿದರೂ ಬಿಚ್ಚಿಕೊಳ್ಳದು.
ಇಂಗ್ಲಿಷಿನಲ್ಲಿ ಜಾಗ ತಪ್ಪಿತೋ
ಕತ್ತರಿಯ ಕೈಗೆ ಅವಳನ್ನೇ ಕೊಟ್ಟ ಹಾಗೆ.

'ಎಕ್ಸ್‌ಪ್ಲೇನ್ ಮಿ, ಮಿಸ್' ಅಂದೆ.
ತಪ್ಪು, 'ಟು ಮಿ' ಅನ್ನಬೇಕಂತೆ.
ಗಿವ್ ಇಬ್ಬರನ್ನೂ ಒಟ್ಟಿಗೆ ಹೊರುತ್ತದೆ,
ಎಕ್ಸ್‌ಪ್ಲೇನ್ ಹೊರುವುದಿಲ್ಲ.
ಯಾಕೆ ಮಿಸ್?
ಕೆಳಗೆ ಗಿರಣಿ ನಿಂತಿತು. ಮಿಸ್ಸಿಗೂ ಗೊತ್ತಿಲ್ಲ.

ಕೊನೆಗೊಂದು ಪುಟ್ಟ ಕ್ರಿಯಾಪದ: ಓ.
ಅಂದರೆ, ಕೊಡಬೇಕಾದದ್ದು ಬಾಕಿ ಇರುವುದು.
ಪುಷ್ಪಕಲಾ ನಕ್ಕಳು:
ಯಾರಾದರೂ ಕೂಗಿದರೆ ನಾವು ಅನ್ನುತ್ತೇವಲ್ಲ, ಆ ಓ?

ಸೋಮವಾರ, ಎಚ್ಚಾರ್ ಮೇಜಿನ ಮುಂದೆ,
'ಗೆ' ಇಲ್ಲದ ನಾನು,
'ಅನ್ನು' ಇಲ್ಲದ ಹನ್ನೊಂದು ಗಂಟೆ,
ಪಕ್ಕಪಕ್ಕ, ತಪ್ಪದ ಜಾಗದಲ್ಲಿ:
ಯೂ ಓ ಮಿ ಇಲೆವೆನ್ ಅವರ್ಸ್ ಓಟಿ, ಸರ್.

ಸಾಹೇಬರು ತಲೆ ಎತ್ತಿದರು, ಮತ್ತೆ ತಗ್ಗಿಸಿದರು.
ರಿಜಿಸ್ಟರು ತಿರುವುತ್ತಿದ್ದಾರೆ, ಇನ್ನೂ.
ಕೂಗಿದವಳು ನಾನು.
ಬಿಟ್ಟು ಬಂದಿದ್ದ 'ಅನ್ನು'
ನಾಲಿಗೆಯ ತುದಿಗೆ ಬಂದು ನಿಂತಿದೆ:
ಓ ಅನ್ನು.