ನೋವಿ ಬೋರ್

ಗಾಜಿಗೆ ಕೆಂಪು ಬರಿಸುವುದು ಬಂಗಾರದಿಂದ,
ಇಲ್ಲವೇ ಸೆಲೆನಿಯಂ, ಇಲ್ಲವೇ ತಾಮ್ರ.
ನಲವತ್ತೊಂದು ವರ್ಷ ಕುಲುಮೆಯ ಬಳಿ ನಿಂತ ಲುಬೋರ್
ಅಂದು ಬೆಳಿಗ್ಗೆ ಕಕ್ಕಸಿನ ಬಿಳಿ ಪಿಂಗಾಣಿಯಲ್ಲಿ ಕಂಡದ್ದಕ್ಕೆ
ತಾಮ್ರ, ಅಂದುಕೊಂಡ. ತುಸು ತೆಳು.
ನೀರು ಬಿಟ್ಟ.

ನೋವಿರಲಿಲ್ಲ.
ಅವನ ಊರು ನೋವಿ ಬೋರ್. ಅಲ್ಲಿಯವರ ನುಡಿಯಲ್ಲಿ
ನೋವಿ ಎಂದರೆ ಹೊಸತು, ಅಷ್ಟೆ.
ನೋವಾಗಿದ್ದರೆ ಅಂದೇ ಹೋಗುತ್ತಿದ್ದನೇನೋ.
ಮಾರನೆಯ ದಿನ ತಿಳಿ. ಅದರಾಚೆ ಹನ್ನೊಂದು ವಾರವೂ ತಿಳಿ.
ಬೀಟ್‌ರೂಟ್ ತಿಂದಿದ್ದೆ, ಅಂದ ಯಿಟ್ಕಾಳಿಗೆ.
ಆ ವಾರ ಮನೆಗೆ ಬೀಟ್‌ರೂಟ್ ಬಂದೇ ಇರಲಿಲ್ಲ.
ಅವಳು ಬಾಯಿ ಬಿಡಲಿಲ್ಲ.

ಮತ್ತೆ ಕೆಂಪು. ಲಿಬೆರೆಟ್ಸ್‌ನ ಆಸ್ಪತ್ರೆ, ಪಕ್ಕೆಗೆ ತಣ್ಣನೆ ಜೆಲ್.
ಡಾಕ್ಟರ್ ಹವ್ರಾನ್ಕೋವಾ ಹೇಳಿದರು:
ರಕ್ತ, ಪಕ್ಕೆನೋವು, ಕೈಗೆ ಸಿಗುವ ಗಂಟು
ಮೂರೂ ಒಟ್ಟಿಗೆ ಬರುವುದು ಪುಸ್ತಕದಲ್ಲಿ.
ಬಂದರೆ ಬಹುಪಾಲು ಹೊತ್ತು ಮೀರಿರುತ್ತದೆ.
ನಿಮ್ಮದು ಆರು ಸೆಂಟಿಮೀಟರ್. ಎಡಕ್ಕೆ.

ಸಿಗರೇಟು? ಹದಿನಾರರಿಂದ.
ರಕ್ತದೊತ್ತಡ? ಮಾತ್ರೆ ಇದೆ, ಡ್ರಾಯರಿನಲ್ಲಿ.
ತೂಕ? ಅದು ಕಾಣುತ್ತಲೇ ಇದೆಯಲ್ಲ.
ಮನೆಯಲ್ಲಿ ಯಾರಿಗಾದರೂ? ಅಪ್ಪನಿಗೆ ಏನಿತ್ತೋ, ಆಗ ಯಾರು ಕೇಳುತ್ತಿದ್ದರು.
ಕೆಲಸದಲ್ಲಿ ರಾಸಾಯನಿಕ?
ಲುಬೋರ್ ತಡೆದ.
ಕಬ್ಬಿಣದ ಅಚ್ಚುಗಳ ಜಿಡ್ಡು ತೊಳೆಯುವ ತೊಟ್ಟಿ,
ಸಿಹಿ ವಾಸನೆ, ಮಧ್ಯಾಹ್ನದ ಹೊತ್ತಿಗೆ ಹಗುರವಾಗುತ್ತಿದ್ದ ತಲೆ,
ಕೈಗವಸಿಲ್ಲದ ಹುಡುಗರು, ಅವರಲ್ಲೊಬ್ಬ ತಾನು, ನಗುತ್ತ.
ಬರೆದುಕೊಂಡರು.
ಇಂಥದ್ದರಿಂದಲೇ ಅಂತ ಹೇಳಲಾಗದು, ಅಂದರು,
ಇದಾವುದೂ ಇಲ್ಲದವರಿಗೂ ಬರುತ್ತದೆ.
ಸಮಾಧಾನದ ಮಾತೋ ಅಲ್ಲವೋ, ಅವನಿಗೆ ತಿಳಿಯಲಿಲ್ಲ.

ಕಿಡ್ನಿ ತೆಗೆದ ಮೇಲೆ, ಹೊಲಿಗೆ ಇನ್ನೂ ಎಳೆಯುತ್ತಿರುವಾಗ,
ತೋರಿಸಿ, ಅಂದ.
ಬೆರಳಿನಂತೆ ಚಾಚುವ ಬಗೆಯೊಂದಿದೆ, ಮಸುಕು ಬಣ್ಣದ್ದೊಂದು,
ಅಪರೂಪದವು ಇನ್ನೂ ಇವೆ.
ನಿಮ್ಮದು ಹೆಚ್ಚಿನವರಿಗೆ ಬರುವಂಥದ್ದೇ, ತಿಳಿಕೋಶದ್ದು.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.
ಒಳಗಿದ್ದ ಕೊಬ್ಬನ್ನು ಮದ್ಯಸಾರ ಕರಗಿಸಿ ಒಯ್ದಿತ್ತು.
ಉಳಿದದ್ದು ಗೂಡುಗೂಡಾದ ಬಯಲು,
ತೆಳ್ಳನೆ ಅಂಚು, ಅಂಚಿನ ಸುತ್ತ ನವಿರು ನಾಳ.
ಒಂದು ಇನ್ನೊಂದರ ಹಾಗಿಲ್ಲ.

ಬಹಳ ಹೊತ್ತು ನೋಡಿದ,
ಹೊಸ ಹುಡುಗರು ಊದಿದ ಲೋಟವನ್ನು
ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೆ.
ಹೆಬ್ಬೆರಳು ತಾನಾಗಿ ಅಂಚು ಹುಡುಕಿತು.
ಗಾಜು ಒಳ್ಳೆಯದೇ, ಅಂದ.
ಊದಿದವನಿಗೆ ನಿಲ್ಲಿಸುವುದು ಗೊತ್ತಿಲ್ಲ.

ಹೊರಗೆ ಯಿಟ್ಕಾ ಅವನ ಕೋಟು ಹಿಡಿದು ನಿಂತಿದ್ದಳು,
ಜೇಬಿನ ಪೊಟ್ಟಣವನ್ನು
ತನ್ನ ಚೀಲಕ್ಕೆ ಸೇರಿಸಿ.