ಬೆನ್ನು ತಿರುಗಿಸಿ ಕೊಂಡದ್ದು

ಸದ್ದಿದೆ, ಚಿತ್ರವಿಲ್ಲ.
ಚಾಂದ್‌ಪಾಷನ ಗೋಡೌನಿನಿಂದ ಮೂರೂವರೆ ಸಾವಿರಕ್ಕೆ
ಕೈಗಾಡಿಯಲ್ಲಿ ಮಲಗಿಸಿ ತಂದ ವಿಡಿಯೋಗೇಮಿನ ಪೆಟ್ಟಿಗೆ
ನಮ್ಮ ನಡುಮನೆಯಲ್ಲಿ, ಗೂಡಿನ ಮೂಟೆಗಳ ಪಕ್ಕ ನಿಂತಿದೆ.
ಬಿಲ್ಲೆ ಹಾಕಿದರೆ ಟುಂಯ್ ಅನ್ನುತ್ತದೆ,
ಯಾರೋ ಯಾರಿಗೋ ಗುಂಡು ಹೊಡೆಯುತ್ತಾರೆ,
ಗಾಜು ಮಾತ್ರ ಕಣ್ಣು ಬಿಡುವುದಿಲ್ಲ.

ನನಗಿದು ಹೊಸದೇನಲ್ಲ.
ಶಿಡ್ಲಘಟ್ಟದ ಟಾಕೀಸಿನ ಹಿಂದಿನ ಗಲ್ಲಿಯಲ್ಲಿ
ಕಂದು ಪರದೆಯಾಚೆ ಇದೇ ಪೆಟ್ಟಿಗೆ ಹೀಗೇ ಕೂಗುತ್ತಿತ್ತು.
ಒಳಗೆ ಗಂಡುಹುಡುಗರು. ಹೊರಗೆ ನಾನು,
ಅಣ್ಣ ಇಮ್ದಾದನ ಊಟದ ಡಬ್ಬಿ ಹಿಡಿದು.
ಗಾಳಿಗೆ ಪರದೆ ಸರಿದರೆ ಕಾಣುತ್ತಿದ್ದದ್ದು
ಆಟವಲ್ಲ, ಅವನ ಮುಖ:
ಕೆನ್ನೆಗೆ ಹಸಿರು, ಮೂಗಿನ ತುದಿಗೆ ಕೆಂಪು,
ಸೋತಾಗ ಇಡೀ ಮುಖ ಒಂದು ಸಲ ಬೆಳ್ಳಗಾಗಿ
ಆಮೇಲೆ ಕತ್ತಲು.
ಸಾರು ಆರಿರುತ್ತಿತ್ತು.

ರಿಪೇರಿ ಜಬೀವುಲ್ಲಾ ಹಿಂದಿನ ಹಲಗೆ ಬಿಚ್ಚಿದ.
"ಟ್ಯೂಬಿನ ಕುತ್ತಿಗೆ ಮುರಿದಿದೆ ಆಪಾ, ಗಾಳಿ ಒಳಗೆ ಹೋಗಿದೆ.
ಗಾಳಿ ಹೋದರೆ ಇದು ಸಾಯುತ್ತೆ,
ನಮ್ಮದು ಉಲ್ಟಾ."

ಗಾಜಿನ ಜಾಗ ಅಳೆದೆ: ಎರಡು ಗೇಣು ಅಗಲ, ಒಂದೂವರೆ ಎತ್ತರ.
ಆಟದ ಬೋರ್ಡನ್ನು ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು
ಚಿಂತಾಮಣಿಯ ಬಸ್ಸು ಹತ್ತಿದೆವು.

ಹಳೇ ಸಾಮಾನಿನ ಅಂಗಡಿಯ ಹುಡುಗ ವೆಂಕಟರವಣ
ಮೂರನ್ನು ಸಾಲಾಗಿಟ್ಟ.
ಒಂದು, ರೊಟ್ಟಿಯಷ್ಟು ತೆಳ್ಳಗೆ, ಹೊಸದು, ಎರಡು ವರ್ಷ ಗ್ಯಾರಂಟಿ;
ಅದರೊಳಗೆ ವಿಮಾನಗಳೆಲ್ಲ ಚಪ್ಪಟೆ, ಯಾರೋ ತುಳಿದ ಹಾಗೆ.
ಇನ್ನೊಂದು ಮುಚ್ಚಿದ ಸೈಬರ್ ಸೆಂಟರಿನದು, ಚೌಕ,
ಜಾಗಕ್ಕೆ ಸರಿಯಾಗಿ ಕೂರುತ್ತೆ,
ಪಕ್ಕದಿಂದ ನೋಡಿದರೆ ಬಣ್ಣ ಓಡಿಹೋಗುತ್ತೆ.
ಮೂರನೆಯದು ಇಪ್ಪತ್ತಿಂಚಿನ ಹಳೇ ಟೀವಿ, ಬೆನ್ನ ಹಿಂದೆ ಬಸಿರು,
ಮೂಲೆಯಲ್ಲೊಂದು ನೇರಳೆ ಕಲೆ.

ಹತ್ತಿರ ಹೋಗಿ ನೋಡಿದೆ.
ಇಪ್ಪತ್ತೆರಡು ವರ್ಷ ಬಿಸಿನೀರಿನ ಬಾಣಲೆಯಿಂದ
ಎಳೆ ಹುಡುಕಿ ತೆಗೆದ ಕಣ್ಣು ನನ್ನದು.
ಟೀವಿಯ ಚಿತ್ರ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು,
ಎಳೆಗೂ ಎಳೆಗೂ ನಡುವೆ ಒಂದು ಕೂದಲಷ್ಟು ಕತ್ತಲೆ.
ಉಳಿದೆರಡರಲ್ಲಿ ಆಗಲೇ ನೇಯ್ದು, ಇಸ್ತ್ರಿ ಹಾಕಿ ಇಟ್ಟ ಬಟ್ಟೆ.

"ಮೊದಲು ಹೆಂಗಿತ್ತಕ್ಕಾ ಚಿತ್ರ? ಹೇಳಿ, ಅದಕ್ಕೇ ಹೊಂದಿಸೋಣ"
ಅಂದ ವೆಂಕಟರವಣ.

ಏನಂತ ಹೇಳಲಿ.

"ಶಟರ್ ಅರ್ಧ ಎಳಿ. ಇಲ್ಲಿ ನಿಂತುಕೋ. ನೀನು ಅದನ್ನು ನೋಡು" ಅಂದೆ.
ನಾನು ಮೂರಕ್ಕೂ ಬೆನ್ನು ಮಾಡಿ
ಅವನನ್ನು ನೋಡಿದೆ.

ಹೊಸದರ ಮುಂದೆ, ಮೊಬೈಲ್ ಹಿಡಿದು ಮಲಗಿದವನ ಮುಖ.
ಸೈಬರಿನದರ ಮುಂದೆ, ಜ್ವರ ಬಿಟ್ಟವನದು.
ಟೀವಿ ಹಚ್ಚಿದಾಗ ಚಿಟಚಿಟ ಅಂತು,
ನನ್ನ ಕತ್ತಿನ ಹಿಂದಿನ ಕೂದಲು ಎದ್ದು ನಿಂತವು,
ಇನ್ನೂ ಮೀಸೆ ಮೂಡದ ಆ ಹುಡುಗನ ಕೆನ್ನೆಗೆ
ಹಸಿರು ಬಂತು, ಕೊಂಚ ನಡುಗುತ್ತ,
ಮೂಗಿನ ತುದಿಗೆ
ಬಂತು ನೋಡಿ ಕೆಂಪು.

"ಇದೇ. ಎಷ್ಟು?"
"ಒಂಬೈನೂರು."
"ಏಳು ಕೊಡ್ತೀನಿ."

ಭಾರ, ಕರೆಂಟು ಜಾಸ್ತಿ ತಿನ್ನುತ್ತೆ, ಕೆಟ್ಟರೆ ಸ್ಪೇರು ಸಿಗಲ್ಲ,
ಮೇಲೆ ಆ ಕಲೆ ಬೇರೆ, ಅಂತ ಜಬೀವುಲ್ಲಾ ದಾರಿಯುದ್ದಕ್ಕೂ.
"ಮುಖ ನೋಡದೇ ಹೆಣ್ಣು ತಂದ ಹಾಗಾಯ್ತಲ್ಲ ಆಪಾ."
"ನನ್ನನ್ನೂ ಹಾಗೇ ತಂದದ್ದು. ಕೆಲಸ ಮಾಡ್ತಿಲ್ವಾ?"
ಅವನು ಕಿಟಕಿಯಾಚೆ ನೋಡಿದ.

ಮೂರು ದಿನ ಬೆಸುಗೆ, ಬೈಗುಳ, ಎರಡು ಕಡೆ ಮರ ಕೊರೆದದ್ದು.
ನಾಲ್ಕನೇ ರಾತ್ರಿ ಭಟ್ಟಿ ಆರಿದ ಮೇಲೆ
ಒಬ್ಬಳೇ ಬಿಲ್ಲೆ ಹಾಕಿದೆ.

ತಲೆ ಎತ್ತುವುದಕ್ಕೆ ಏನೋ ಸಂಕೋಚ.
ಮೊದಲು ಕೈಗಳನ್ನೇ ನೋಡಿಕೊಂಡೆ,
ಬೆಂದು ಬೆಂದು ಬಿಳಿಚಿದ ಹತ್ತು ಬೆರಳ ತುದಿ,
ಅವುಗಳ ಮೇಲೆ ಹಸಿರು, ಕೆಂಪು, ಆಮೇಲೆ
ನನಗೆ ಹೆಸರು ಗೊತ್ತಿಲ್ಲದ ಒಂದು ನೀಲಿ.

ಆಮೇಲೆ ತಲೆ ಎತ್ತಿದೆ.

ಹನ್ನೊಂದು ಸೆಕೆಂಡಿಗೆ ಸತ್ತೆ.
ಇನ್ನೊಂದು ಬಿಲ್ಲೆ ಹಾಕಿದೆ.